ಎಡಚಕ್ರದ ಕಾವಲುಗಾರ

ಮಹಾಭಾರತದ ಯುದ್ಧಪರ್ವಗಳನ್ನು ಗಮನವಿಟ್ಟು ಓದಿದವರಿಗೆ ಯುಧಾಮನ್ಯು, ಉತ್ತಮೌಜ ಎಂಬ ಇಬ್ಬರು ಪಾಂಚಾಲ ವೀರರ ಹೆಸರು ನೆನಪಿರಬಹುದು. ಅರ್ಜುನನ ರಥದ ಎಡಚಕ್ರವನ್ನು ಕಾಯುವವನು ಯುಧಾಮನ್ಯು. ಬಲಚಕ್ರವನ್ನು ಕಾಯುವವನು ಉತ್ತಮೌಜ. ಇವರನ್ನು ಚಕ್ರರಕ್ಷಕರೆಂದು ಕರೆಯುತ್ತಾರೆ. ಗಾಂಡೀವದಿಂದ ಹೊರಟ ಬಾಣ ಯಾರ ಎದೆಯಲ್ಲಿ ನಾಟಿತೆಂಬುದನ್ನು ಕವಿಗಳು ಬಣ್ಣಿಸಿದ್ದಾರೆ, ಗಮಕಿಗಳು ಹಾಡಿದ್ದಾರೆ, ಶಿಲ್ಪಿಗಳು ಕಲ್ಲಿನಲ್ಲಿ ಕಂಡರಿಸಿದ್ದಾರೆ. ಆದರೆ ಆ ಬಾಣವನ್ನು ಹೂಡಿ, ಗುರಿಯಿಟ್ಟು, ಬಿಡುವಷ್ಟು ಹೊತ್ತು ರಥದ ಮಗ್ಗುಲಿಗೆ ಶತ್ರು ಸುಳಿಯದಂತೆ ನೋಡಿಕೊಂಡವರು ಯಾರು ಎಂದು ಕೇಳುವ ಓದುಗ ವಿರಳ. ಚಕ್ರರಕ್ಷಕನ ಕೆಲಸದ ಸ್ವಭಾವವೇ ಅಂಥದು. ಆತ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದರೆ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದ್ದನ್ನು ಕುರಿತು ಕಾವ್ಯ ಕಟ್ಟುವುದು ಹೇಗೆ?

ಈ ಪ್ರಶ್ನೆ ಕಾವ್ಯಕ್ಕೆ ಮಾತ್ರ ಸೇರಿದ್ದಲ್ಲ. ಅಮೆರಿಕದಲ್ಲಿ ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಇದೇ ಚಕ್ರರಕ್ಷಕನ ಹುದ್ದೆಯುಂಟು. ಹೆಸರು, ಲೈನ್‌ಮನ್. ಈ ಮಾತನ್ನು ಕೇಳಿದೊಡನೆ ನಮಗೆ ಹೆಗಲಿಗೆ ಹಗ್ಗ ಹಾಕಿಕೊಂಡು ವಿದ್ಯುತ್ ಕಂಬ ಹತ್ತುವವನ ನೆನಪಾಗುವುದು ಸಹಜ. ನೆನಪು ತಪ್ಪಾದರೂ ಹೋಲಿಕೆ ತಪ್ಪಲ್ಲ. ದೀಪ ಉರಿಯುವ ತನಕ ಆತನನ್ನೂ ಯಾರೂ ನೆನೆಯುವುದಿಲ್ಲ, ಕತ್ತಲೆಯಾದಾಗ ಮಾತ್ರ ಎಲ್ಲರ ಬಾಯಲ್ಲೂ ಆತನ ಹೆಸರೇ. ಅಮೆರಿಕದ ಆ ಇನ್ನೊಬ್ಬ ಲೈನ್‌ಮನ್‌ಗಳಲ್ಲಿ ಅಗ್ರಗಣ್ಯನಾದ ಜಿಮ್ ಪಾರ್ಕರ್ ಎಂಬಾತನ ಬಾಳನ್ನೂ, ಆತನಿಗೆ ಸಂದ ಮಾನವನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಆಟದ ಪರಿಚಯವಾಗಬೇಕು. ನಾವು ಫುಟ್‌ಬಾಲ್ ಎನ್ನುವುದು ಕಾಲ್ಚೆಂಡು. ಅಮೆರಿಕದವರ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಗುಂಡಗಿಲ್ಲ, ಎರಡು ತುದಿಗಳಲ್ಲಿ ಚೂಪಾಗಿದೆ. ಬಯಲಿನ ಉದ್ದ ನೂರು ಗಜ. ಪಕ್ಷವೊಂದಕ್ಕೆ ಹನ್ನೊಂದು ಮಂದಿ. ಚೆಂಡು ಯಾರ ಕೈಯಲ್ಲಿದೆಯೋ ಅವರು ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ, ಸಾಗದಿದ್ದರೆ ಚೆಂಡು ಎದುರಾಳಿಗೆ. ಹೀಗೆ ಗಜಗಜವಾಗಿ ನೆಲ ಗೆಲ್ಲುತ್ತ ಎದುರಾಳಿಯ ಕೊನೆಯ ಗೆರೆಯನ್ನು ದಾಟಿದರೆ ಅದು ಟಚ್‌ಡೌನ್. ಚೆಂಡನ್ನು ಹೊತ್ತು ಓಡಬಹುದು. ಇಲ್ಲವೇ ಕ್ವಾರ್ಟರ್‌ಬ್ಯಾಕ್ ಎಂಬ ನಾಯಕ ಅದನ್ನು ಮುಂದಕ್ಕೆ ಎಸೆದು ದೂರದಲ್ಲಿ ಓಡುತ್ತಿರುವ ಜೊತೆಗಾರನಿಗೆ ಮುಟ್ಟಿಸಬಹುದು.

ಈ ನಾಯಕನ ಮುಂದೆ ಐವರು ಸಾಲಾಗಿ ಬಾಗಿ ನಿಲ್ಲುತ್ತಾರೆ. ನಡುವೆ ಸೆಂಟರ್, ಆತನ ಎಡಬಲಗಳಲ್ಲಿ ಇಬ್ಬರು ಗಾರ್ಡ್‌ಗಳು, ಅವರ ಆಚೆಗೆ ಇಬ್ಬರು ಟ್ಯಾಕಲ್‌ಗಳು. ಸೆಂಟರ್ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಅದನ್ನು ಬಿಟ್ಟರೆ ಈ ಐವರಿಗೂ ಚೆಂಡಿಗೂ ಸಂಬಂಧವಿಲ್ಲ. ಎಸೆದ ಚೆಂಡನ್ನು ಹಿಡಿಯುವ ಹಕ್ಕನ್ನೂ ನಿಯಮ ಇವರಿಗೆ ಕೊಟ್ಟಿಲ್ಲ. ಜೊತೆಗಾರ ಓಡುವಾಗ ಎದುರಾಳಿಗಳನ್ನು ತಳ್ಳಿ ದಾರಿ ಬಿಡಿಸಬೇಕು; ನಾಯಕ ಎಸೆಯುವಾಗ ಆತನ ಸುತ್ತ ಕೋಟೆಯಾಗಿ ನಿಲ್ಲಬೇಕು. ಚೆಂಡಿನ ಆಟದಲ್ಲಿ ಚೆಂಡನ್ನು ಮುಟ್ಟದೆ ಜೀವಮಾನವೆಲ್ಲ ಆಡುವವರು ಇವರು.

ಆಟದ ಲೆಕ್ಕವಿಡುವವರು ಓಡಿದವನ ಗಜಗಳನ್ನು ಎಣಿಸುತ್ತಾರೆ, ಎಸೆದವನ ಎಸೆತಗಳನ್ನು ಎಣಿಸುತ್ತಾರೆ, ಹಿಡಿದವನ ಹಿಡಿತಗಳನ್ನು ಎಣಿಸುತ್ತಾರೆ. ದಾರಿ ಬಿಡಿಸಿದವನ ಹೆಸರಿನ ಮುಂದೆ ಬರೆಯಲು ಅವರ ಪುಸ್ತಕದಲ್ಲಿ ಅಂಕಣವೇ ಇಲ್ಲ. ವೃತ್ತಿಪರ ಆಟದಲ್ಲಿ ಕ್ವಾರ್ಟರ್‌ಬ್ಯಾಕನ್ನು ಕೆಡವಿದ ಎದುರಾಳಿಗಳ ಲೆಕ್ಕವನ್ನು ಅಧಿಕೃತವಾಗಿ ಇಡಲು ಪ್ರಾರಂಭಿಸಿದ್ದೇ ೧೯೮೨ರಲ್ಲಿ. ಅದು ಕೂಡ ಕೆಡವಿದವನ ಖಾತೆಗೆ ಸೇರುವ ಕೀರ್ತಿ. ಕೆಡವಗೊಡದೆ ನಿಂತವನಿಗೆ ಅದರಿಂದ ಬಂದದ್ದೇನೂ ಇಲ್ಲ.

ಕಾಲೇಜು ಆಟಗಾರರಿಗೆ ಅಲ್ಲಿ ಸಲ್ಲುವ ಪರಮ ಪುರಸ್ಕಾರವೆಂದರೆ ೧೯೩೫ರಲ್ಲಿ ಪ್ರಾರಂಭವಾದ ಹೈಸ್‌ಮನ್ ಪಾರಿತೋಷಕ. ಅಂದಿನಿಂದ ಇಂದಿನವರೆಗೆ ಅದು ಈ ಐವರ ಸಾಲಿನವನಿಗೆ ಒಮ್ಮೆಯಾದರೂ ಸಂದಿಲ್ಲ. ಈ ಅನ್ಯಾಯವನ್ನು ಮನಗಂಡ ಜಾನ್ ಔಟ್‌ಲ್ಯಾಂಡ್ ಎಂಬ ಹಳೆಯ ಆಟಗಾರರು, ವೃತ್ತಿಯಿಂದ ವೈದ್ಯರು, ಒಳಸಾಲಿನ ಆಟಗಾರರಿಗೆಂದೇ ಬೇರೊಂದು ಪಾರಿತೋಷಕವನ್ನು ಏರ್ಪಡಿಸಲು ಕಾರಣರಾದರು. ೧೯೪೬ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾನಿಲಯದ ಜಾರ್ಜ್ ಕಾನರ್ ಅದನ್ನು ಮೊದಲ ಬಾರಿಗೆ ಪಡೆದ. ಹತ್ತು ವರ್ಷಗಳ ತರುವಾಯ, ೧೯೫೬ರಲ್ಲಿ, ಅದು ಜಿಮ್ ಪಾರ್ಕರ್‌ನ ಕೈಸೇರಿತು.

ಪಾರ್ಕರ್ ಹುಟ್ಟಿದ್ದು ೧೯೩೪ರ ಏಪ್ರಿಲ್ ೩ರಂದು, ಜಾರ್ಜಿಯ ರಾಜ್ಯದ ಮೇಕನ್ ಪಟ್ಟಣದಲ್ಲಿ. ಆತ ಕಪ್ಪು ವರ್ಣದವನು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆ ಕಾಲಕ್ಕೆ ಇದರ ಅರ್ಥವೇನೆಂಬುದನ್ನು ಅಸ್ಪೃಶ್ಯತೆಯ ಚರಿತ್ರೆಯನ್ನು ಬಲ್ಲ ನಮಗೆ ವಿವರಿಸಿ ಹೇಳಬೇಕಾಗಿಲ್ಲ. ಶಾಲೆ ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ, ಬಸ್ಸಿನಲ್ಲಿ ಕೂಡುವ ಜಾಗ ಬೇರೆ. ಆತನ ತವರು ರಾಜ್ಯದ ವಿಶ್ವವಿದ್ಯಾನಿಲಯವಾದ ಯೂನಿವರ್ಸಿಟಿ ಆಫ್ ಜಾರ್ಜಿಯ ತನ್ನ ಬಾಗಿಲನ್ನು ಕಪ್ಪು ವಿದ್ಯಾರ್ಥಿಗಳಿಗೆ ಮೊದಲ ಬಾರಿ ತೆರೆದದ್ದು ೧೯೬೧ರ ಜನವರಿಯಲ್ಲಿ. ಅದೂ ನ್ಯಾಯಾಲಯದ ಆಜ್ಞೆಯ ಮೇಲೆ. ಅಷ್ಟು ಹೊತ್ತಿಗೆ ಪಾರ್ಕರ್ ವಿದ್ಯಾರ್ಥಿ ದೆಸೆಯನ್ನು ಮುಗಿಸಿ, ವೃತ್ತಿಪರ ಆಟದಲ್ಲಿ ನಾಲ್ಕು ವರ್ಷ ಕಳೆದಿದ್ದ. ಹುಡುಗನಾಗಿದ್ದಾಗಲೇ ಆತ ಉತ್ತರದ ಒಹಾಯೊ ರಾಜ್ಯದ ಟೊಲೀಡೊ ನಗರಕ್ಕೆ ಬಂದು, ಅಲ್ಲಿನ ಸ್ಕಾಟ್ ಹೈಸ್ಕೂಲಿನಲ್ಲಿ ಓದಿದ. ಅಲ್ಲಿಂದ ಕೊಲಂಬಸ್ ನಗರದ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಸೇರಿದ.

ಅಲ್ಲಿ ಆತನಿಗೆ ದೊರೆತ ಗುರು ವುಡಿ ಹೇಯ್ಸ್. ೧೯೫೧ರಲ್ಲಿ ಆ ವಿಶ್ವವಿದ್ಯಾನಿಲಯದ ತರಬೇತುದಾರರಾಗಿ ಬಂದ ಹೇಯ್ಸ್ ಅವರು ಯುದ್ಧಚರಿತ್ರೆಯ ವ್ಯಾಸಂಗಿಗಳು, ಮುಂಗೋಪಿಗಳು, ಶಿಸ್ತಿನ ಮೂರ್ತಿ. ಚೆಂಡನ್ನು ಗಾಳಿಗೆ ಎಸೆಯುವುದರಲ್ಲಿ ಅವರಿಗೆ ನಂಬಿಕೆ ಕಡಿಮೆ. ನೆಲದ ಮೇಲೆ, ಒಂದು ಸಲಕ್ಕೆ ಮೂರು ನಾಲ್ಕು ಗಜ, ಧೂಳೆಬ್ಬಿಸುತ್ತ ಸಾಗಬೇಕೆಂಬುದು ಅವರ ಸಿದ್ಧಾಂತ. ಇಂಥ ಪದ್ಧತಿಯಲ್ಲಿ ಆಟದ ಸೋಲುಗೆಲುವುಗಳು ಓಡುವವನ ಕಾಲಿಗಿಂತಲೂ ಮುಂದೆ ನಿಂತವರ ಹೆಗಲನ್ನು ಅವಲಂಬಿಸಿರುತ್ತವೆ. ಆ ಹೆಗಲುಗಳಲ್ಲಿ ಪಾರ್ಕರ್‌ನದು ಮುಖ್ಯವಾಯಿತು. ಆತ ಗಾರ್ಡ್ ಆಗಿ ಆಡಿದ. ಗಾರ್ಡಿನವನು ತನ್ನ ಎದುರಿಗಿರುವವನನ್ನು ನೂಕಿದರೆ ಸಾಲದು. ಕೆಲವು ಯತ್ನಗಳಲ್ಲಿ ಸಾಲಿನಿಂದ ಹಿಂದೆ ಸರಿದು, ಸಾಲಿನ ಉದ್ದಕ್ಕೂ ಓಡಿ, ಚೆಂಡು ಹೊತ್ತವನಿಗಿಂತ ಮೊದಲೇ ತಿರುವನ್ನು ಮುಟ್ಟಿ, ಅಲ್ಲಿ ಅಡ್ಡ ಬರುವವನನ್ನು ತೆಗೆದುಹಾಕಬೇಕು. ದೇಹ ಆನೆಯದಾಗಿರಬೇಕು, ಹೆಜ್ಜೆ ಕುದುರೆಯದಾಗಿರಬೇಕು. ಪಾರ್ಕರ್‌ನಲ್ಲಿ ಎರಡೂ ಕೂಡಿಬಂದಿದ್ದವು. ವೃತ್ತಿಪರನಾದಾಗ ಆತನ ಎತ್ತರ ಆರಡಿ ಮೂರಂಗುಲ, ತೂಕ ೨೭೩ ಪೌಂಡು. ಆ ಕಾಲಕ್ಕೆ ಇದು ಅಸಾಧಾರಣ ಗಾತ್ರ.

ಇನ್ನೊಂದು ವಿಷಯವನ್ನೂ ನೆನಪಿಡಬೇಕು. ೧೯೫೩ರಿಂದ ೧೯೬೪ರವರೆಗೆ ಕಾಲೇಜು ಆಟದಲ್ಲಿ ಆಟಗಾರರನ್ನು ಬದಲಿಸುವುದಕ್ಕೆ ನಿರ್ಬಂಧವಿತ್ತು. ಆಕ್ರಮಣಕ್ಕೆ ನಿಂತವನೇ ರಕ್ಷಣೆಗೂ ನಿಲ್ಲಬೇಕು. ತನ್ನವನಿಗೆ ದಾರಿ ಬಿಡಿಸಿ ಬಸವಳಿದವನು ಮರುಗಳಿಗೆಯಲ್ಲಿ ಪರರ ದಾರಿಗೆ ಅಡ್ಡ ನಿಲ್ಲಬೇಕು. ಪಾರ್ಕರ್ ಮೂರು ವರ್ಷ ಹೀಗೆ ಎರಡು ಕೆಲಸಗಳನ್ನೂ ಮಾಡಿದ.

೧೯೫೪ ಆತನ ಮೊದಲ ವರ್ಷ. ಆ ವರ್ಷದ ನವೆಂಬರ್ ೨೦ರಂದು ಮಿಷಿಗನ್ ವಿಶ್ವವಿದ್ಯಾನಿಲಯದ ಮೇಲೆ ನಡೆದ ಪಂದ್ಯವನ್ನು ಕೊಲಂಬಸಿನ ಜನ ಇಂದಿಗೂ ಮರೆತಿಲ್ಲ. ಎರಡು ಪಕ್ಷಗಳೂ ಏಳು ಅಂಕಗಳೊಡನೆ ಸಮವಾಗಿದ್ದಾಗ ಮಿಷಿಗನ್ ಒಹಾಯೊದ ಕೊನೆಯ ಗೆರೆಗೆ ನಾಲ್ಕು ಗಜದ ಸಮೀಪಕ್ಕೆ ಬಂತು. ನಾಲ್ಕು ಯತ್ನಗಳನ್ನೂ ಒಹಾಯೊದ ಸಾಲು ತಡೆಯಿತು. ಕಡೆಯ ಯತ್ನ ನಿಂತಾಗ ಚೆಂಡಿಗೂ ಗೆರೆಗೂ ಇದ್ದ ಅಂತರ ಒಂದಡಿಗಿಂತ ಕಡಿಮೆ. ಅಲ್ಲಿಂದ ಅದೇ ಸಾಲು ತಿರುಗಿ ನಿಂತು, ಬಯಲಿನ ಪೂರ್ಣ ಉದ್ದ, ತೊಂಬತ್ತೊಂಬತ್ತು ಗಜಗಳನ್ನೂ ಮಿಕ್ಕ ಅಂಗುಲಗಳನ್ನೂ ಕ್ರಮಿಸಿ ಟಚ್‌ಡೌನ್ ಸಾಧಿಸಿತು. ಒಹಾಯೊ ಸ್ಟೇಟ್ ೨೧–೭ರಿಂದ ಗೆದ್ದಿತು. ಆ ಸಾಹಸದಲ್ಲಿ ಎದ್ದುಕಂಡ ಹೆಸರು ಹಾಫ್‌ಬ್ಯಾಕ್ ಹೊವರ್ಡ್ ಕ್ಯಾಸಡಿಯದು. ಆತನ ದೀರ್ಘ ಓಟವೊಂದು ಇಂದಿಗೂ ಕಥೆಯಾಗಿ ಉಳಿದಿದೆ. ೧೯೫೫ರ ಜನವರಿ ೧ರಂದು ಪ್ಯಾಸಡೀನದ ಕೆಸರು ತುಂಬಿದ ಬಯಲಿನಲ್ಲಿ ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವನ್ನು ೨೦–೭ರಿಂದ ಸೋಲಿಸಿ, ಆಡಿದ ಹತ್ತು ಪಂದ್ಯಗಳನ್ನೂ ಗೆದ್ದು, ಒಹಾಯೊ ಸ್ಟೇಟ್ ರಾಷ್ಟ್ರದ ಅಗ್ರತಂಡಗಳಲ್ಲಿ ಒಂದೆನಿಸಿತು. ಮರುವರ್ಷ, ೧೯೫೫ರಲ್ಲಿ, ಕ್ಯಾಸಡಿಗೆ ಹೈಸ್‌ಮನ್ ಪಾರಿತೋಷಕ ಬಂದಿತು. ಯೋಗ್ಯನಿಗೇ ಬಂದಿತು, ಸಂದೇಹವಿಲ್ಲ. ಆದರೆ ಆತ ಓಡಿದ ದಾರಿ ತಾನಾಗಿ ತೆರೆದುಕೊಂಡಿರಲಿಲ್ಲ.

೧೯೫೬ ಪಾರ್ಕರ್‌ನ ಕಾಲೇಜು ಆಟದ ಕಡೆಯ ವರ್ಷ. ಕ್ಯಾಸಡಿ ಹೊರಟುಹೋಗಿದ್ದ; ತಂಡ ಒಂಬತ್ತು ಪಂದ್ಯಗಳಲ್ಲಿ ಆರನ್ನು ಗೆದ್ದು ಮೂರನ್ನು ಸೋತಿತು. ಹಾಗಿದ್ದೂ ಅಖಿಲ ಅಮೆರಿಕ ತಂಡದ ಗಾರ್ಡ್ ಸ್ಥಾನಕ್ಕೆ ಪಾರ್ಕರ್ ಆಯ್ಕೆಯಾದ. ಔಟ್‌ಲ್ಯಾಂಡ್ ಪಾರಿತೋಷಕ ಪಡೆದ. ಹೈಸ್‌ಮನ್ ಮತಗಣನೆಯಲ್ಲಿ ಎಂಟನೆಯ ಸ್ಥಾನಕ್ಕೆ ಬಂದ. ಎಂಟನೆಯದೇನು ದೊಡ್ಡದು ಎಂದು ಕೇಳಬಹುದು. ಚೆಂಡು ಮುಟ್ಟದವನಿಗೆ ಅದು ದೊಡ್ಡದೇ.

ಆ ಡಿಸೆಂಬರಿನ ಸಂತೋಷದ ಮಗ್ಗುಲಲ್ಲೇ ಒಂದು ದುಃಖದ ಕಥೆಯೂ ಉಂಟು. ಹಿಂದಿನ ವರ್ಷ ಔಟ್‌ಲ್ಯಾಂಡ್ ಪಡೆದಿದ್ದವನು ಅಯೋವ ವಿಶ್ವವಿದ್ಯಾನಿಲಯದ ಕ್ಯಾಲ್ವಿನ್ ಜೋನ್ಸ್. ಆ ಮಾನವನ್ನು ಪಡೆದ ಮೊದಲ ಕಪ್ಪು ವರ್ಣದವನು. ಆತನೂ ಗಾರ್ಡ್, ಆತನೂ ಒಹಾಯೊ ರಾಜ್ಯದಲ್ಲಿ, ಸ್ಟೂಬೆನ್‌ವಿಲ್ ಎಂಬ ಊರಿನಲ್ಲಿ, ಬೆಳೆದ ಹುಡುಗ. ೧೯೫೬ರ ಡಿಸೆಂಬರ್ ೯ರಂದು, ಕೆನಡದ ಪಶ್ಚಿಮ ಪರ್ವತಗಳಲ್ಲಿ ವಿಮಾನ ಅಪಘಾತವಾಗಿ, ಅದರಲ್ಲಿದ್ದ ೬೨ ಮಂದಿಯೊಡನೆ ಜೋನ್ಸ್ ತೀರಿಕೊಂಡ. ಆಗ ಆತನಿಗೆ ಇಪ್ಪತ್ತಮೂರು ವರ್ಷ. ಒಂದೇ ಸ್ಥಾನದ ಇಬ್ಬರು ಆಟಗಾರರು. ಒಂದರ ಹಿಂದೊಂದು ವರ್ಷ ಒಂದೇ ಪಾರಿತೋಷಕ. ಒಬ್ಬನ ದಾರಿ ಅಲ್ಲಿಗೆ ಮುಗಿದು ಇನ್ನೊಬ್ಬನದು ಅಲ್ಲಿಂದ ಆರಂಭವಾಯಿತು. ಜೋನ್ಸನಿಗೆ ಕೀರ್ತಿಮಂದಿರದ ಮಾನ ಸಂದದ್ದು ೧೯೮೦ರಲ್ಲಿ. ಅದನ್ನು ಕಾಣಲು ಆತ ಉಳಿದಿರಲಿಲ್ಲ.

೧೯೫೭ರಲ್ಲಿ ಬಾಲ್ಟಿಮೋರ್ ನಗರದ ಕೋಲ್ಟ್ಸ್ ಎಂಬ ವೃತ್ತಿಪರ ತಂಡ ಪಾರ್ಕರನನ್ನು ಆರಿಸಿಕೊಂಡಿತು. ಹೇಯ್ಸ್ ಅವರ ಅಭಿಪ್ರಾಯದಲ್ಲಿ ಶಿಷ್ಯನ ಭವಿಷ್ಯವಿದ್ದದ್ದು ರಕ್ಷಣೆಯ ಪಕ್ಷದಲ್ಲಿ. ಕೋಲ್ಟ್ಸ್ ತಂಡದ ತರಬೇತುದಾರರಾದ ವೀಬ್ ಯೂಬ್ಯಾಂಕ್ ಅವರು ಹಾಗೆ ಎಣಿಸಲಿಲ್ಲ. ಅವರ ಬಳಿ ಜಾನಿ ಯುನೈಟಸ್ ಎಂಬ ಕ್ವಾರ್ಟರ್‌ಬ್ಯಾಕ್ ಇದ್ದ. ಚೆಂಡನ್ನು ಎಸೆಯುವುದರಲ್ಲಿ ಸವ್ಯಸಾಚಿಯೆನ್ನಬಹುದಾದವನು; ಆದರೆ ಎಸೆಯುವುದು ಬಲಗೈಯಿಂದಲೇ. ಬಲಗೈಯವನು ಎಸೆಯಲು ದೇಹವನ್ನು ತಿರುಗಿಸಿ ನಿಂತಾಗ ಆತನ ಎಡಮಗ್ಗುಲು ಕಣ್ಣಿಗೆ ಬೀಳದೆ ಹೋಗುತ್ತದೆ. ಅಲ್ಲಿಂದ ನುಗ್ಗಿದ ಎದುರಾಳಿ ಎರಗಿದ ಮೇಲೆಯೇ ತಿಳಿಯುವುದು. ಯೂಬ್ಯಾಂಕ್ ಅವರು ಪಾರ್ಕರನನ್ನು ಎಡ ಟ್ಯಾಕಲ್ ಸ್ಥಾನದಲ್ಲಿ ನಿಲ್ಲಿಸಿದರು, ಎಂದರೆ ಎಡಚಕ್ರಕ್ಕೆ. ಯುನೈಟಸನ ಹತ್ತಿರ ಯಾರನ್ನೂ ಬಿಡಬೇಡ, ಆತನಿಗೆ ಪೆಟ್ಟಾದರೆ ತಂಡದಲ್ಲಿ ಎಲ್ಲರ ಕೋಪಕ್ಕೂ ಗುರಿಯಾಗುವವನು ನೀನೇ ಎಂದು ಅವರು ಕೊಟ್ಟ ಎಚ್ಚರಿಕೆಯನ್ನು ಪಾರ್ಕರ್ ಮುಂದೆ ಸ್ಮರಿಸಿಕೊಂಡಿದ್ದಾನೆ.

ಇದು ಹೊಸ ವಿದ್ಯೆ. ಹೇಯ್ಸ್ ಅವರ ಶಾಲೆಯಲ್ಲಿ ಆತ ಕಲಿತದ್ದು ಮುಂದೆ ನುಗ್ಗುವುದನ್ನು; ಇಲ್ಲಿ ಕಲಿಯಬೇಕಾದದ್ದು ಹಿಂದೆ ಸರಿಯುತ್ತಲೇ ತಡೆಯುವುದನ್ನು. ನುಗ್ಗುವವನು ತಾನೇ ಮೊದಲು ಹೊಡೆಯುತ್ತಾನೆ. ಕಾಯುವವನು ಎದುರಾಳಿಯ ಹೊಡೆತಕ್ಕಾಗಿ ಕಾದು, ಆತ ಎಡಕ್ಕೆ ಬರುವನೋ ಬಲಕ್ಕೆ ಬರುವನೋ ಎಂದು ಆತನ ದೇಹವನ್ನು ಓದಿ, ತಾನು ಹಿಂದೆ ಹೋಗುತ್ತಲೇ ಆತನ ಮತ್ತು ತನ್ನ ನಾಯಕನ ನಡುವೆ ಇರಬೇಕು. ಅಂದಿನ ನಿಯಮಗಳು ಈ ಕೆಲಸವನ್ನು ಇನ್ನೂ ಕಠಿನವಾಗಿಸಿದ್ದವು. ಇಂದಿನ ಲೈನ್‌ಮನ್ ತೋಳುಗಳನ್ನು ಚಾಚಿ, ಅಂಗೈ ಬಿಚ್ಚಿ ಎದುರಾಳಿಯನ್ನು ತಡೆಯಬಹುದು. ಈ ಅನುಮತಿ ವೃತ್ತಿಪರ ಆಟದಲ್ಲಿ ದೊರೆತದ್ದು ೧೯೭೮ರಲ್ಲಿ. ಪಾರ್ಕರ್‌ನ ಕಾಲದಲ್ಲಿ ಕೈಗಳನ್ನು ಎದೆಗೆ ಹತ್ತಿರವಿಟ್ಟುಕೊಂಡು ಭುಜ, ಎದೆ, ಮುಂದೋಳುಗಳಿಂದಲೇ ತಡೆಯಬೇಕಾಗಿತ್ತು. ಎದುರಾಳಿಯಾದರೋ ತೆರೆದ ಅಂಗೈಯಿಂದ ಆತನ ತಲೆಗೆ ಬಡಿಯಬಹುದಾಗಿತ್ತು; ಅದು ನಿಷಿದ್ಧವಾದದ್ದು ೧೯೭೭ರಲ್ಲಿ. ಕೈ ಕಟ್ಟಿಸಿಕೊಂಡವನು, ಕೈ ಬಿಚ್ಚಿದವನನ್ನು ತಡೆಯುವ ಸ್ಪರ್ಧೆಯದು.

೧೯೫೮ರ ಡಿಸೆಂಬರ್ ೨೮ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಕೋಲ್ಟ್ಸ್ ತಂಡಕ್ಕೂ ನ್ಯೂಯಾರ್ಕ್ ಜಯಂಟ್ಸ್ ತಂಡಕ್ಕೂ ಪ್ರಶಸ್ತಿ ಪಂದ್ಯ ನಡೆಯಿತು. ಅಮೆರಿಕದವರು ಅದನ್ನು ಆಡಿದ ಪಂದ್ಯಗಳಲ್ಲೆಲ್ಲ ಶ್ರೇಷ್ಠವಾದದ್ದೆಂದು ಕೊಂಡಾಡುತ್ತಾರೆ. ಪಾರ್ಕರ್‌ಗೆ ಎದುರಾಗಿ ನಿಂತವನು ಆ್ಯಂಡಿ ರೋಬಸ್ಟೆಲ್ಲಿ. ಆ ಕಾಲದ ಪ್ರಚಂಡ ಆಟಗಾರ, ಮುಂದೆ ತಾನೂ ಕೀರ್ತಿಮಂದಿರವನ್ನು ಸೇರಿದವನು. ಪಂದ್ಯ ಮುಗಿಯಲು ಎರಡು ನಿಮಿಷದ ಹೊತ್ತಿರುವಾಗ ಕೋಲ್ಟ್ಸ್ ಮೂರು ಅಂಕ ಹಿಂದೆ ಇತ್ತು. ಚೆಂಡು ತನ್ನದೇ ಹದಿನಾಲ್ಕನೆಯ ಗಜದ ಗೆರೆಯಲ್ಲಿತ್ತು. ಯುನೈಟಸ್ ಎಸೆದ, ರೇಮಂಡ್ ಬೆರಿ ಹಿಡಿದ. ಮತ್ತೆ ಎಸೆದ, ಮತ್ತೆ ಹಿಡಿದ. ಏಳು ಸೆಕೆಂಡು ಉಳಿದಿರುವಾಗ ಅಂಕ ಸಮವಾಯಿತು, ೧೭–೧೭. ಪ್ರಶಸ್ತಿ ಪಂದ್ಯವೊಂದು ಹೆಚ್ಚಿನ ಅವಧಿಗೆ ಮುಂದುವರಿದದ್ದು ಅದೇ ಮೊದಲು. ಆ ಅವಧಿಯಲ್ಲಿ ಎಂಬತ್ತು ಗಜಗಳನ್ನು ಕ್ರಮಿಸಿ, ಕೊನೆಯ ಗಜವನ್ನು ಆ್ಯಲನ್ ಅಮೀಚಿ ಹೊತ್ತು ದಾಟಿ, ಕೋಲ್ಟ್ಸ್ ೨೩–೧೭ರಿಂದ ಗೆದ್ದಿತು. ಯುನೈಟಸ್ ಅಂದು ೪೦ ಬಾರಿ ಎಸೆದು ೨೬ನ್ನು ಮುಟ್ಟಿಸಿದ್ದ, ೩೪೯ ಗಜ. ಬೆರಿ ಹಿಡಿದದ್ದು ೧೨ ಬಾರಿ. ಇವೆಲ್ಲ ಪುಸ್ತಕದಲ್ಲಿವೆ. ರೋಬಸ್ಟೆಲ್ಲಿಯಂಥವನನ್ನು ಅಂದು ಪಾರ್ಕರ್ ನಿಲ್ಲಿಸಿದ್ದನ್ನು ಬಲ್ಲವರು ಇಂದಿಗೂ ಆ ಸ್ಥಾನದ ಆಟಕ್ಕೆ ಮಾದರಿಯೆಂದು ಹೇಳುತ್ತಾರೆ. ಅದಕ್ಕೆ ಮಾತ್ರ ಪುಸ್ತಕದಲ್ಲಿ ಅಂಕಿಯಿಲ್ಲ.

ಕೋಟೆ ಬಿರುಕುಬಿಡಲೇ ಇಲ್ಲವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಅದೇ ವರ್ಷದ ನವೆಂಬರಿನಲ್ಲಿ ಯುನೈಟಸ್ ಪಕ್ಕೆಲುಬು ಮುರಿದುಕೊಂಡು ಎರಡು ಪಂದ್ಯ ಹೊರಗುಳಿದಿದ್ದ. ಚಕ್ರರಕ್ಷಕರಿದ್ದರೂ ರಥಿಕನಿಗೆ ಬಾಣ ತಗಲುವುದುಂಟು. ಆದರೂ ೧೯೫೬ರಿಂದ ೧೯೬೦ರವರೆಗೆ ಯುನೈಟಸ್ ಎಡೆಬಿಡದೆ ೪೭ ಪಂದ್ಯಗಳಲ್ಲಿ ಒಂದಾದರೂ ಟಚ್‌ಡೌನ್ ಎಸೆತವನ್ನು ಸಾಧಿಸಿದ. ಆ ದಾಖಲೆಯನ್ನು ಡ್ರೂ ಬ್ರೀಸ್ ಎಂಬ ಆಟಗಾರ ಮುರಿದದ್ದು ೨೦೧೨ರಲ್ಲಿ. ಅರ್ಧ ಶತಮಾನ ನಿಂತ ಈ ದಾಖಲೆ ಯುನೈಟಸನ ಹೆಸರಿನಲ್ಲಿದೆ. ಅದರ ಬಹುಭಾಗದ ಎಡಮಗ್ಗುಲಲ್ಲಿ ನಿಂತಿದ್ದವನು ಪಾರ್ಕರ್.

೧೯೬೨ರ ನಡುವೆ ಆತನನ್ನು ಎಡ ಟ್ಯಾಕಲಿನಿಂದ ಎಡ ಗಾರ್ಡಿಗೆ ಬದಲಿಸಿದರು. ಹೊರಗಿನಿಂದ ವೇಗವಾಗಿ ಸುತ್ತಿಬರುವವರನ್ನು ತಡೆಯುತ್ತಿದ್ದವನು ಈಗ ನಡುವಿನಿಂದ ಬಂಡೆಯಂತೆ ಉರುಳಿಬರುವವರನ್ನು ತಡೆಯಬೇಕಾಯಿತು. ನೋಡುವವರಿಗೆ ಒಂದು ಹೆಜ್ಜೆಯ ಬದಲಾವಣೆ. ಮಾಡುವವನಿಗೆ ಬೇರೆಯದೇ ಶಾಸ್ತ್ರ. ಆತ ಎರಡರಲ್ಲೂ ಲೀಗಿನ ಶ್ರೇಷ್ಠರ ಪಟ್ಟಿಯಲ್ಲಿದ್ದ. ೧೯೫೮ರಿಂದ ೧೯೬೫ರವರೆಗೆ ಎಂಟು ವರ್ಷ ಸತತವಾಗಿ.

೧೯೬೭ರಲ್ಲಿ ಪಾರ್ಕರ್‌ನ ಮಂಡಿಗೆ ಪೆಟ್ಟಾಯಿತು. ತಂಡ ಗೆಲ್ಲುತ್ತಿತ್ತು, ಪ್ರಶಸ್ತಿಯ ಆಸೆಯಿತ್ತು. ಋತು ಮುಗಿಯುವ ತನಕ ಪಟ್ಟಿಯಲ್ಲಿ ಹೆಸರಿಟ್ಟುಕೊಂಡು ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ತನ್ನಿಂದ ಮೊದಲಿನಂತೆ ಆಡಲಾಗದು, ತನ್ನ ಸ್ಥಾನವನ್ನು ಆಡಬಲ್ಲವನಿಗೆ ಬಿಟ್ಟುಕೊಡುವುದೇ ತಂಡಕ್ಕೆ ಹಿತ ಎಂದು ಆತ ಋತುವಿನ ನಡುವೆಯೇ ನಿವೃತ್ತನಾದ. ಹನ್ನೊಂದು ವರ್ಷ ಇನ್ನೊಬ್ಬನಿಗಾಗಿ ಜಾಗ ಮಾಡಿದವನು ಕಡೆಗೂ ಇನ್ನೊಬ್ಬನಿಗೆ ಜಾಗ ಮಾಡಿಯೇ ಹೊರಟ. ಆಮೇಲೆ ಬಾಲ್ಟಿಮೋರಿನಲ್ಲೇ ಅನೇಕ ವರ್ಷ ಮದ್ಯದಂಗಡಿಯೊಂದನ್ನು ನಡೆಸಿದ.

ಮಾನಗಳು ಬಂದದ್ದು ಆಮೇಲೆ. ಒಹಾಯೊದ ಕ್ಯಾಂಟನ್ ಪಟ್ಟಣದಲ್ಲಿರುವ ವೃತ್ತಿಪರರ ಕೀರ್ತಿಮಂದಿರ ೧೯೬೩ರಲ್ಲಿ ತೆರೆಯಿತು. ಸಾಲಿನ ಆಟಗಾರರು ಅದರಲ್ಲಿ ಇರಲಿಲ್ಲವೆಂದಲ್ಲ. ಆದರೆ ಅವರೆಲ್ಲ ಹಳೆಯ ಕಾಲದವರು, ಆಕ್ರಮಣ ರಕ್ಷಣೆ ಎರಡನ್ನೂ ಆಡಿದವರು. ವೃತ್ತಿಪರ ಆಟದಲ್ಲಿ ಆಕ್ರಮಣದ ಸಾಲಿನಲ್ಲಿ ಮಾತ್ರ ನಿಂತವನೊಬ್ಬ ಆ ಮಂದಿರವನ್ನು ಮೊದಲ ಬಾರಿಗೆ ಪ್ರವೇಶಿಸಿದ್ದು ೧೯೭೩ರಲ್ಲಿ, ಆತನೇ ಪಾರ್ಕರ್. ಮರುವರ್ಷ, ೧೯೭೪ರಲ್ಲಿ, ಕಾಲೇಜು ಫುಟ್‌ಬಾಲಿನ ಕೀರ್ತಿಮಂದಿರವೂ ಆತನನ್ನು ಬರಮಾಡಿಕೊಂಡಿತು. ಈ ಎರಡನೆಯ ಮಾನದ ವೈಶಿಷ್ಟ್ಯವನ್ನು ಗಮನಿಸಬೇಕು. ಅಲ್ಲಿ ವೃತ್ತಿಪರ ಆಟದ ಸಾಧನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯುನೈಟಸ್ ಇಲ್ಲ, ಯಾಂಕೀ ಕ್ರೀಡಾಂಗಣವಿಲ್ಲ. ವಿದ್ಯಾರ್ಥಿಯಾಗಿ ಕೊಲಂಬಸಿನ ಬಯಲಿನಲ್ಲಿ ಆತ ನಿಂತದ್ದು, ತಳ್ಳಿದ್ದು, ದಾರಿ ಬಿಡಿಸಿದ್ದು, ಅಷ್ಟೇ ಪರಿಗಣನೆಗೆ ಬಂದದ್ದು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಅಜ್ಞಾತವಾಗಿ ದುಡಿಯುವವರನ್ನು ಹೊಗಳುವುದು ಸುಲಭ. ಹೊಗಳುತ್ತಲೇ ಅವರನ್ನು ಅಜ್ಞಾತರಾಗಿ ಇಡುವುದು ಇನ್ನೂ ಸುಲಭ. ‘ಫಲಾಪೇಕ್ಷೆಯಿಲ್ಲದ ಸೇವೆ’ ಎಂಬ ದೊಡ್ಡ ಮಾತನ್ನು ನಾವು ಸಾಮಾನ್ಯವಾಗಿ ಪ್ರಯೋಗಿಸುವುದು ಫಲ ಪಡೆಯದವರನ್ನು ಕುರಿತೇ ಹೊರತು ಪಡೆದವರನ್ನು ಕುರಿತಲ್ಲ. ಪಾರ್ಕರ್‌ನ ವಿಷಯದಲ್ಲಿ ಈ ಅಜ್ಞಾತತೆ ಇಮ್ಮಡಿಯಾಗಿತ್ತು. ಆತ ಬಾಲ್ಟಿಮೋರಿಗೆ ಬಂದ ವರ್ಷಗಳಲ್ಲಿ ಆ ನಗರದ ಅನೇಕ ಹೋಟೆಲುಗಳಲ್ಲಿ, ಚಿತ್ರಮಂದಿರಗಳಲ್ಲಿ ಕಪ್ಪುಜನಕ್ಕೆ ಪ್ರವೇಶವಿರಲಿಲ್ಲ. ಭಾನುವಾರ ನಗರದ ಕಣ್ಮಣಿಯನ್ನು ಕಾಪಾಡಿದವನು ಸೋಮವಾರ ಅದೇ ನಗರದ ಹೋಟೆಲಿನ ಹೊರಗೆ ನಿಲ್ಲಬೇಕಾಗಿತ್ತು. ಆಟದ ನಿಯಮ ಆತನನ್ನು ಚೆಂಡಿನಿಂದ ದೂರವಿಟ್ಟಿತ್ತು. ಸಮಾಜದ ನಿಯಮ ಆತನನ್ನು ಬಾಗಿಲಿನಿಂದ ದೂರವಿಟ್ಟಿತ್ತು. ಮೊದಲನೆಯದನ್ನು ಆತ ಒಪ್ಪಿಕೊಂಡು ಆಡಿದ, ಅದು ಆಟ. ಎರಡನೆಯದನ್ನು ಒಪ್ಪಿಕೊಳ್ಳಬೇಕೆಂದು ಯಾರಿಗೂ ಹೇಳುವ ಅಧಿಕಾರ ಯಾರಿಗೂ ಇಲ್ಲ. ಈ ಭೇದವನ್ನು ಮರೆತು ‘ಆಹಾ, ಎಂಥ ವಿನಯ!’ ಎಂದು ತಲೆದೂಗಿದರೆ ನಾವು ಆತನಿಗೆ ಸಲ್ಲಿಸುವುದು ಮಾನವಲ್ಲ, ಅವಮಾನ.

ಕೀರ್ತಿಮಂದಿರದ ಮಹತ್ವವಿರುವುದು ಇಲ್ಲೇ. ಕಲ್ಲಿನ ಮೇಲೆ ಹೆಸರು ಕೆತ್ತಿದ ಮಾತ್ರಕ್ಕೆ ಆಗಿಹೋದ ಅನ್ಯಾಯ ಅಳಿಯುವುದಿಲ್ಲ. ಆದರೆ ಲೆಕ್ಕದ ಪುಸ್ತಕ ಎಣಿಸಲಾರದ್ದನ್ನು ಕಂಡವರು ಸಾಕ್ಷಿ ಹೇಳಿದ್ದಕ್ಕೆ ಅದು ದಾಖಲೆಯಾಗುತ್ತದೆ. ಅಂಕಿಯಿಲ್ಲದವನನ್ನು ಆರಿಸಬೇಕಾದರೆ ಆರಿಸುವವರು ಆಟವನ್ನು ಕಣ್ಣಾರೆ ನೋಡಿರಬೇಕು, ನೋಡಿದವರ ಮಾತನ್ನು ಕೇಳಿರಬೇಕು. ಅದರಿಂದ ಹಿಂದೆ ಬರುವವರಿಗೂ ದಾರಿಯಾಗುತ್ತದೆ. ಅದೇ ಒಹಾಯೊ ಸ್ಟೇಟ್‌ನ ಜಾನ್ ಹಿಕ್ಸ್ ೧೯೭೩ರಲ್ಲಿ ಹೈಸ್‌ಮನ್ ಮತಗಣನೆಯಲ್ಲಿ ಎರಡನೆಯವನಾದ. ೧೯೯೬ರಲ್ಲಿ ಆರ್ಲ್ಯಾಂಡೊ ಪೇಸ್ ನಾಲ್ಕನೆಯವನಾದ; ಎದುರಾಳಿಯನ್ನು ನೆಲಕ್ಕೆ ಮಲಗಿಸಿದ ತಡೆಗಳನ್ನು ಆತನ ಕಾಲಕ್ಕೆ ದೋಸೆಯಂಥ ತಿಂಡಿಯೊಂದರ ಹೆಸರಿನಿಂದ, ‘ಪ್ಯಾನ್‌ಕೇಕ್’ ಎಂದು, ಎಣಿಸತೊಡಗಿದ್ದರು. ಚಪ್ಪಟೆಯಾಗಿ ಹುಯ್ದುಬಿಟ್ಟ ಎಂಬುದು ಅದರ ತಾತ್ಪರ್ಯ. ಎಣಿಸಲಾಗದ್ದನ್ನು ಎಣಿಸಲು ಹೊರಟ ಈ ವಿನೋದದ ಹಿಂದೆ ಒಂದು ಪಶ್ಚಾತ್ತಾಪವೂ ಅಡಗಿದೆಯೆಂದು ನನಗೆ ತೋರುತ್ತದೆ. ಹಿಕ್ಸ್ ೨೦೦೧ರಲ್ಲಿ, ಪೇಸ್ ೨೦೧೩ರಲ್ಲಿ ಕಾಲೇಜು ಕೀರ್ತಿಮಂದಿರವನ್ನು ಸೇರಿದರು.

ಪಾರ್ಕರ್ ೨೦೦೫ರ ಜುಲೈ ೧೮ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ೨೦೧೯ರಲ್ಲಿ ವೃತ್ತಿಪರ ಲೀಗು ತನ್ನ ನೂರು ವರ್ಷಗಳ ಶ್ರೇಷ್ಠ ಆಟಗಾರರನ್ನು ಆರಿಸಿದಾಗ ಗಾರ್ಡ್‌ಗಳ ಪಟ್ಟಿಯಲ್ಲಿ ಆತನ ಹೆಸರಿತ್ತು.

ಕಾಲೇಜು ಕೀರ್ತಿಮಂದಿರದ ಕಟ್ಟಡವೂ ಊರೂರು ತಿರುಗಿದೆ. ಪಾರ್ಕರ್ ಆಯ್ಕೆಯಾದಾಗ ಅದಕ್ಕೆ ತನ್ನದೆಂಬ ಭವನವೇ ಇರಲಿಲ್ಲ. ೧೯೭೮ರಲ್ಲಿ ಒಹಾಯೊದಲ್ಲಿ, ೧೯೯೫ರಲ್ಲಿ ಇಂಡಿಯಾನದ ಸೌತ್ ಬೆಂಡಿನಲ್ಲಿ ನೆಲೆಗೊಂಡು, ೨೦೧೪ರಲ್ಲಿ ಅದು ಅಟ್ಲಾಂಟಕ್ಕೆ ಬಂದಿತು. ಅಟ್ಲಾಂಟ ಜಾರ್ಜಿಯ ರಾಜ್ಯದ ರಾಜಧಾನಿ. ಅಲ್ಲಿಂದ ಸುಮಾರು ಎಂಬತ್ತು ಮೈಲಿ ದಕ್ಷಿಣಕ್ಕೆ ಮೇಕನ್. ಯಾವ ರಾಜ್ಯದ ವಿಶ್ವವಿದ್ಯಾನಿಲಯದಲ್ಲಿ ಓದಲು ಆತನಿಗೆ ಹಕ್ಕಿರಲಿಲ್ಲವೋ ಅದೇ ರಾಜ್ಯದ ರಾಜಧಾನಿಯಲ್ಲಿ ಇಂದು ಆತನನ್ನು ಗೌರವಿಸುವ ಭವನ ನಿಂತಿದೆ. ಮೇಕನ್ನಿನ ಶಾಲೆಯೊಂದರ ಹುಡುಗ ಅದನ್ನು ನೋಡಲು ಹೊರಟರೆ ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರಬಹುದು. ಆ ಬಸ್ಸಿನಲ್ಲಿ ಆತ ತನಗೆ ಬೇಕಾದ ಜಾಗದಲ್ಲಿ ಕೂಡಬಹುದು.